ಮೆದುಳಿನ ಸುಂಕದಕಟ್ಟೆ: ಔಷಧಿಗಳಿಗೆ ಒಳಪ್ರವೇಶ ಏಕೆ ಕಷ್ಟ?

ಈ ಪತ್ರಿಕೆಯ ಪುಟಗಳಲ್ಲಿ ಸಾಮಾನ್ಯವಾಗಿ ತೆರಿಗೆ ದರ, ಬ್ಯಾಂಕ್ ಸಾಲ, ಮಾರುಕಟ್ಟೆ ಶುಲ್ಕ, ವಿದ್ಯುತ್ ದರ ಮುಂತಾದ ವಿಷಯಗಳೇ ಪ್ರಕಟವಾಗುತ್ತವೆ. ಲೆಕ್ಕಪರಿಶೋಧನೆಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವವನು ಶರೀರಶಾಸ್ತ್ರದ ವಿಷಯಕ್ಕೆ ಕೈಹಾಕಿರುವುದು ಕೆಲವು ಸದಸ್ಯರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ವರ್ತಕ ಕುಟುಂಬಗಳ ಲೆಕ್ಕಪತ್ರಗಳನ್ನು ವರ್ಷವರ್ಷವೂ ನೋಡುವವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಂಗಡಿಯ ಬಂಡವಾಳ ಖಾತೆಯಿಂದ ಮನೆಖರ್ಚಿಗೆಂದು ತೆಗೆದ ಹಣದಲ್ಲಿ ವೈದ್ಯಕೀಯ ವೆಚ್ಚದ ಪಾಲು ದೊಡ್ಡದಾಗುತ್ತಿದೆ. ಅದರಲ್ಲಿಯೂ ಮೆದುಳು ಮತ್ತು ನರಗಳಿಗೆ ಸಂಬಂಧಿಸಿದ ಕಾಯಿಲೆ ಮನೆಯೊಳಗೆ ಬಂದರೆ ಖರ್ಚು ಯಾವಾಗ ನಿಲ್ಲುತ್ತದೆಂದು ಹೇಳುವವರಿಲ್ಲ. ಹೊಟ್ಟೆಗೆ, ಶ್ವಾಸಕೋಶಕ್ಕೆ ಇಷ್ಟೊಂದು ಔಷಧಿಗಳಿರುವಾಗ ಮೆದುಳಿಗೆ ಮಾತ್ರ ಏಕೆ ಇಷ್ಟು ಕಡಿಮೆ, ಇರುವವೂ ಏಕೆ ಇಷ್ಟು ದುಬಾರಿ ಎಂಬ ಪ್ರಶ್ನೆಗೆ ಉತ್ತರದ ಬಹುಭಾಗ ಒಂದು ಗೋಡೆಯಲ್ಲಿದೆ. ಅದಕ್ಕೆ ರಕ್ತ-ಮೆದುಳು ತಡೆಗೋಡೆ ಎಂದು ಹೆಸರು.

ಗೋಡೆ ಎಂದೊಡನೆ ಇಟ್ಟಿಗೆ ಗಾರೆಯ ಚಿತ್ರ ಕಣ್ಣಮುಂದೆ ಬರುವುದು ಸಹಜ. ವಾಸ್ತವವಾಗಿ ಇದನ್ನು ಹಿಂದಿನ ಕಾಲದ ಸುಂಕದಕಟ್ಟೆಗೆ ಹೋಲಿಸುವುದೇ ಹೆಚ್ಚು ಸೂಕ್ತ. ಸುಂಕದಕಟ್ಟೆಯಲ್ಲಿ ಎಲ್ಲ ಗಾಡಿಗಳನ್ನೂ ತಡೆಯುತ್ತಿರಲಿಲ್ಲ. ಕೆಲವು ಸರಕು ಸಲೀಸಾಗಿ ಹೋಗುತ್ತಿತ್ತು, ಕೆಲವಕ್ಕೆ ರಹದಾರಿ ಬೇಕಾಗಿತ್ತು, ಕೆಲವನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಲಾಗುತ್ತಿತ್ತು. ಮೆದುಳಿನ ಬಾಗಿಲಲ್ಲಿ ನಡೆಯುವುದೂ ಇದೇ.

ಗೋಡೆಯ ಪತ್ತೆ

1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಚುಚ್ಚಿ ನೋಡಿದರು. ಬಣ್ಣದ ಕಾರ್ಖಾನೆಗಳು ಆಗ ಜರ್ಮನಿಯ ದೊಡ್ಡ ಉದ್ಯಮವಾಗಿದ್ದು, ಅವುಗಳ ಉತ್ಪನ್ನವೇ ವೈದ್ಯಶಾಸ್ತ್ರದ ಪರಿಕರವೂ ಆಗಿತ್ತೆಂಬುದು ನಮ್ಮಂಥವರಿಗೆ ಗಮನಾರ್ಹ. ಪ್ರಾಣಿಯ ಅಂಗಾಂಗಗಳೆಲ್ಲ ಬಣ್ಣ ಹಿಡಿದವು. ಮೆದುಳು ಮತ್ತು ಬೆನ್ನುಹುರಿ ಮಾತ್ರ ಬೆಳ್ಳಗೆ ಉಳಿದವು. ಮೆದುಳಿಗೆ ಆ ಬಣ್ಣ ಹಿಡಿಯುವ ಗುಣವೇ ಇಲ್ಲವೆಂದು ಎರ್ಲಿಖ್ ಭಾವಿಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಪ್ರಯೋಗವನ್ನು ತಿರುವುಮುರುವಾಗಿ ಮಾಡಿದರು. ಮೆದುಳಿನ ಸುತ್ತಲಿನ ದ್ರವಕ್ಕೇ ಬಣ್ಣ ಸೇರಿಸಿದಾಗ ಮೆದುಳು ಚೆನ್ನಾಗಿ ನೀಲಿಯಾಯಿತು, ದೇಹದ ಉಳಿದ ಭಾಗ ಬಣ್ಣ ಹಿಡಿಯಲಿಲ್ಲ. ಅಲ್ಲಿಗೆ ಗುರುವಿನ ಊಹೆ ಬಿದ್ದುಹೋಯಿತು. ಮೆದುಳಿಗೆ ಬಣ್ಣ ಹಿಡಿಯುತ್ತದೆ, ಆದರೆ ರಕ್ತದಿಂದ ಅಲ್ಲಿಗೆ ತಲುಪುವುದಿಲ್ಲ ಎಂಬುದು ಸ್ಪಷ್ಟವಾಯಿತು.

ಆ ಗೋಡೆ ಎಲ್ಲಿದೆ ಎಂಬುದನ್ನು ಕಣ್ಣಾರೆ ಕಾಣಲು 1967ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ರೀಸ್ ಮತ್ತು ಕಾರ್ನೋವ್‌ಸ್ಕಿ ಎಂಬ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಅದನ್ನು ತೋರಿಸಿಕೊಟ್ಟರು. ಮೆದುಳಿನ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಒಳಪದರದ ಜೀವಕೋಶಗಳೇ ಆ ಗೋಡೆ. ದೇಹದ ಬೇರೆಡೆ ಈ ಕೋಶಗಳ ನಡುವೆ ಸಂದುಗಳಿದ್ದು, ನೀರು ಮತ್ತು ಔಷಧಿ ಅಲ್ಲಿಂದ ಹೊರಕ್ಕೆ ಜಿನುಗುತ್ತವೆ. ಮೆದುಳಿನಲ್ಲಿ ಮಾತ್ರ ಒಂದು ಕೋಶ ಇನ್ನೊಂದಕ್ಕೆ ಹೊಲಿಗೆ ಹಾಕಿದಂತೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಒಳಗೆ ಹೋಗಬೇಕಾದ ವಸ್ತು ಕೋಶವನ್ನು ದಾಟಿಯೇ ಹೋಗಬೇಕು.

ಈ ನಾಳಗಳ ಒಟ್ಟು ಉದ್ದ ಸುಮಾರು 600 ಕಿಲೋಮೀಟರು ಎಂದು ಅಂದಾಜು. ಮಂಡ್ಯದಿಂದ ಬೆಂಗಳೂರಿಗೆ ಮೂರು ಸಲ ಹೋಗಿ ಬಂದಷ್ಟು ದೂರ ಒಬ್ಬ ಮನುಷ್ಯನ ತಲೆಯೊಳಗೆ ಸುರುಳಿ ಸುತ್ತಿಕೊಂಡಿದೆ. ಆದರೆ ವ್ಯವಹಾರ ನಡೆಯುವ ಮೇಲ್ಮೈ ಮಾತ್ರ 12ರಿಂದ 18 ಚದರ ಮೀಟರಿನಷ್ಟು; ಅಂದರೆ ಹತ್ತಡಿ ಹದಿನೈದಡಿಯ ಒಂದು ಅಂಗಡಿ ಮಳಿಗೆಯ ನೆಲದಷ್ಟು. ಮೆದುಳಿನ ಜೀವಮಾನದ ಆಮದು ರಫ್ತು ವ್ಯವಹಾರವೆಲ್ಲ ಈ ಮಳಿಗೆಯಲ್ಲಿಯೇ ನಡೆಯಬೇಕು.

ಸಕ್ಕರೆಗೆ ರಹದಾರಿ

ಸಕ್ಕರೆಯ ನಾಡಿನವರಾದ ನಾವು ಮೊದಲು ತಿಳಿಯಬೇಕಾದದ್ದು ಸಕ್ಕರೆಯ ವಿಷಯವನ್ನು. ಮೆದುಳಿನ ತೂಕ ದೇಹದ ತೂಕದಲ್ಲಿ ಶೇಕಡಾ 2ರಷ್ಟಾದರೆ, ಅದು ಬಳಸುವ ಶಕ್ತಿ ಶೇಕಡಾ 20ರಷ್ಟು. ದಿನವೊಂದಕ್ಕೆ ಸುಮಾರು 100ರಿಂದ 120 ಗ್ರಾಂ ಗ್ಲೂಕೋಸು ಅದಕ್ಕೆ ಬೇಕು. ಗ್ಲೂಕೋಸು ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಕೊಬ್ಬಿನ ಪೊರೆಯನ್ನು ತಾನಾಗಿ ದಾಟಲಾರದು. ಆದ್ದರಿಂದ ಗ್ಲಟ್-1 ಎಂಬ ಪ್ರೋಟೀನು ಆ ಗೋಡೆಯಲ್ಲಿ ನಿಂತು ಗ್ಲೂಕೋಸನ್ನು ಮಾತ್ರ ಆಯ್ದು ಒಳಗೆ ಸಾಗಿಸುತ್ತದೆ. ಹುಟ್ಟಿನಿಂದಲೇ ಈ ಪ್ರೋಟೀನಿನಲ್ಲಿ ದೋಷವಿರುವ ಮಕ್ಕಳಿಗೆ ರಕ್ತದಲ್ಲಿ ಸಕ್ಕರೆ ಸಾಕಷ್ಟಿದ್ದರೂ ಮೆದುಳು ಹಸಿದಿರುತ್ತದೆ, ಫಿಟ್ಸ್ ಬರುತ್ತದೆ. ಗೋದಾಮು ತುಂಬಿದೆ, ಅಂಗಡಿಗೆ ಸರಕಿಲ್ಲ ಎಂಬ ಸ್ಥಿತಿ. ಈ ಕಾಯಿಲೆಯನ್ನು 1991ರಲ್ಲಿ ಮೊದಲು ವರ್ಣಿಸಲಾಯಿತು.

1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದ ಮೈಷುಗರ್ ಕಾರ್ಖಾನೆಯ ಸಕ್ಕರೆ ಹರಳು, ಅಂದರೆ ಸುಕ್ರೋಸು, ಇದ್ದ ರೂಪದಲ್ಲಿಯೇ ರಕ್ತಕ್ಕೆ ಸೇರಿದರೆ ಮೆದುಳಿನೊಳಗೆ ಹೋಗಲಾರದು. ಎಷ್ಟರಮಟ್ಟಿಗೆ ಎಂದರೆ, ಪ್ರಯೋಗಶಾಲೆಗಳಲ್ಲಿ ಗೋಡೆ ಗಟ್ಟಿಯಾಗಿದೆಯೇ ಸೋರುತ್ತಿದೆಯೇ ಎಂದು ಪರೀಕ್ಷಿಸಲು ಸುಕ್ರೋಸನ್ನೇ ಅಳತೆಗೋಲಾಗಿ ಬಳಸುತ್ತಾರೆ. ನಾವು ತಿಂದ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸಾದ ಮೇಲಷ್ಟೇ ಅದಕ್ಕೆ ಈ ರಹದಾರಿ ಸಲ್ಲುತ್ತದೆ.

ಸಕ್ಕರೆಯ ಇನ್ನೊಂದು ಬಂಧುವಿನ ಕಥೆಯೂ ಇಲ್ಲಿ ಪ್ರಸ್ತುತ. ಮ್ಯಾನಿಟಾಲ್ ಎಂಬ ದ್ರಾವಣವನ್ನು ತಲೆಗೆ ಪೆಟ್ಟಾದವರಿಗೆ, ಮೆದುಳು ಊದಿಕೊಂಡವರಿಗೆ ರಕ್ತನಾಳದ ಮೂಲಕ ಹಾಕುವುದನ್ನು ಆಸ್ಪತ್ರೆಗಳಲ್ಲಿ ಹಲವರು ನೋಡಿರಬಹುದು. ಅದು ಗೋಡೆಯನ್ನು ದಾಟುವುದಿಲ್ಲ, ಆ ಕಾರಣಕ್ಕಾಗಿಯೇ ಅದು ಉಪಯುಕ್ತ. ರಕ್ತದಲ್ಲಿಯೇ ಉಳಿದು ಮೆದುಳಿನಲ್ಲಿ ತುಂಬಿಕೊಂಡ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುವಂತೆ. ಇದೇ ಮ್ಯಾನಿಟಾಲನ್ನು ಗಟ್ಟಿಯಾದ ದ್ರಾವಣವಾಗಿ ಕತ್ತಿನ ಅಪಧಮನಿಗೆ ನೇರವಾಗಿ ಹರಿಸಿದರೆ ಗೋಡೆಯ ಕೋಶಗಳೇ ಕುಗ್ಗಿ, ಹೊಲಿಗೆ ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ಆ ಸಮಯದಲ್ಲಿ ಗೆಡ್ಡೆಯ ಔಷಧಿಯನ್ನು ಒಳಕ್ಕೆ ಕಳುಹಿಸುವ ಪ್ರಯತ್ನಗಳು 1970ರ ದಶಕದಿಂದಲೂ ಅಮೆರಿಕದಲ್ಲಿ ನಡೆದಿವೆ. ಬಾಗಿಲು ತೆರೆದಾಗ ಬೇಕಾದವರ ಜೊತೆ ಬೇಡದವರೂ ನುಗ್ಗುವ ಅಪಾಯವಿರುವುದರಿಂದ ಇದು ಸರ್ವಸಾಮಾನ್ಯ ಚಿಕಿತ್ಸೆಯಾಗಲಿಲ್ಲ.

ನಾಲೆಯ ಬಯಲು ಮತ್ತು ಮೆದುಳು ಜ್ವರ

ನಮ್ಮ ಜಿಲ್ಲೆಗೂ ಈ ಗೋಡೆಗೂ ಇರುವ ಅತ್ಯಂತ ಕಹಿಯಾದ ಸಂಬಂಧವೆಂದರೆ ಮೆದುಳು ಜ್ವರ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್. ಕರ್ನಾಟಕದಲ್ಲಿ 1977-78ರಲ್ಲಿ ಕೋಲಾರ ಜಿಲ್ಲೆಯಲ್ಲಿ, 1983ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಈ ಜ್ವರ ಹರಡಿತು. ಮಂಡ್ಯದ ಹಾವಳಿಯ ಸಂದರ್ಭದಲ್ಲಿ ವಿಜ್ಞಾನಿಗಳು ಇಲ್ಲಿನ ಗದ್ದೆ ಬಯಲುಗಳಲ್ಲಿ ಸೊಳ್ಳೆಗಳನ್ನು ಹಿಡಿದು ಪರೀಕ್ಷಿಸಿದರು. ಆ ಅಧ್ಯಯನ ಮರುವರ್ಷ ಪ್ರಕಟವಾಗಿದ್ದು, ಇಂದಿಗೂ ಈ ರೋಗದ ಚರ್ಚೆಗಳಲ್ಲಿ ಮಂಡ್ಯದ ಹೆಸರು ಬರುವುದು ಅದರಿಂದ. ವಿಶ್ವೇಶ್ವರಯ್ಯ ನಾಲೆಯ ನೀರು ನಮ್ಮ ಮೂರೂ ತಾಲ್ಲೂಕುಗಳ ಅಕ್ಕಿ ಗಿರಣಿ, ಆಲೆಮನೆ, ಮಂಡಿ ವ್ಯಾಪಾರಗಳೆಲ್ಲದರ ಮೂಲ. ಅದೇ ನೀರು ನಿಂತ ಭತ್ತದ ಗದ್ದೆ ಈ ವೈರಸ್ಸನ್ನು ಸಾಗಿಸುವ ಕ್ಯೂಲೆಕ್ಸ್ ಸೊಳ್ಳೆಯ ತವರು. ವೈರಸ್ಸು ಹಂದಿಗಳಲ್ಲಿಯೂ, ಬೆಳ್ಳಕ್ಕಿ ಮತ್ತು ಕೊಳದ ಬಕದಂಥ ಹಕ್ಕಿಗಳಲ್ಲಿಯೂ ವೃದ್ಧಿಯಾಗುತ್ತದೆ. (ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಬೇರೆಯೇ ಕುಟುಂಬದವು; ಯಾರೂ ಅವುಗಳ ಮೇಲೆ ಕೋಪಗೊಳ್ಳಬೇಕಾಗಿಲ್ಲ.)

ಸೊಳ್ಳೆ ಕಚ್ಚಿದ ಎಲ್ಲರಿಗೂ ಜ್ವರ ಬರುವುದಿಲ್ಲ. ಸೋಂಕು ತಗುಲಿದ ಇನ್ನೂರೈವತ್ತು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಅದು ಮೆದುಳನ್ನು ಹೊಕ್ಕು ತೀವ್ರವಾಗುತ್ತದೆ. ಆದರೆ ಹಾಗೆ ತೀವ್ರವಾದವರಲ್ಲಿ ಮರಣದ ಪ್ರಮಾಣ ಶೇಕಡಾ 30ರವರೆಗೂ ಹೋಗುತ್ತದೆ. ಬದುಕುಳಿದವರಲ್ಲಿ ಅನೇಕರಿಗೆ, ಅದರಲ್ಲೂ ಮಕ್ಕಳಿಗೆ, ಕೈಕಾಲಿನ ಬಲಹೀನತೆ, ಫಿಟ್ಸ್, ಬುದ್ಧಿಮಾಂದ್ಯ ಉಳಿದುಬಿಡುತ್ತವೆ. ವಿಪರ್ಯಾಸ ಇಲ್ಲಿದೆ. ನಮ್ಮ ಔಷಧಿಗಳಿಗೆ ಬಾಗಿಲು ತೆರೆಯದ ಗೋಡೆ ವೈರಸ್ಸಿಗೆ ದಾರಿ ಬಿಡುತ್ತದೆ. ಇಲಿಗಳ ಮೇಲೆ ನಡೆದ ಪ್ರಯೋಗಗಳ ಪ್ರಕಾರ ವೈರಸ್ಸು ಮೊದಲು ಸದ್ದಿಲ್ಲದೆ ಒಳಸೇರಿ, ಅಲ್ಲಿ ಎಬ್ಬಿಸಿದ ಉರಿಯೂತದ ರಾಸಾಯನಿಕಗಳು ಗೋಡೆಯ ಹೊಲಿಗೆಯನ್ನು ಆಮೇಲೆ ಬಿಚ್ಚುತ್ತವೆ. ಕಳ್ಳ ಒಳಗೆ ಬಂದ ಮೇಲೆ ಒಳಗಿನಿಂದಲೇ ಅಗುಳಿ ತೆಗೆದಂತೆ. ಈ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧಿ ಇಂದಿಗೂ ಇಲ್ಲ. ಊತ ಇಳಿಸುವುದು, ಫಿಟ್ಸ್ ತಡೆಯುವುದು, ಉಸಿರಾಟ ಕಾಪಾಡುವುದು, ಇಷ್ಟೇ ವೈದ್ಯರ ಕೈಯಲ್ಲಿರುವುದು.

ಹಾಗಾಗಿ ಮೆದುಳಿನ ಗೋಡೆಯನ್ನು ತಲುಪುವ ಮೊದಲೇ, ರಕ್ತದಲ್ಲಿಯೇ ವೈರಸ್ಸನ್ನು ಹಿಡಿಯುವ ಲಸಿಕೆಯೇ ಇಲ್ಲಿ ಉಪಾಯ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ರೋಗಪೀಡಿತ ಜಿಲ್ಲೆಗಳ ಮಕ್ಕಳಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಮೊದಲ ಡೋಸು, 16ರಿಂದ 24 ತಿಂಗಳೊಳಗೆ ಎರಡನೆಯದು ಉಚಿತವಾಗಿ ದೊರೆಯುತ್ತದೆ. ನಮ್ಮ ರಾಜ್ಯದವರು ತಿಳಿದಿರಬೇಕಾದ ಇನ್ನೊಂದು ಸಂಗತಿ: 2013ರಲ್ಲಿ ಹೈದರಾಬಾದಿನ ಭಾರತ್ ಬಯೋಟೆಕ್ ಹೊರತಂದ ಜೆನ್‌ವ್ಯಾಕ್ ಎಂಬ ಲಸಿಕೆಯನ್ನು ಕೋಲಾರದ ರೋಗಿಯಿಂದ ಪ್ರತ್ಯೇಕಿಸಿದ ವೈರಸ್ ತಳಿಯಿಂದಲೇ ತಯಾರಿಸಲಾಗಿದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಆ ತಳಿಯನ್ನು ವರ್ಷಗಟ್ಟಲೆ ಜೋಪಾನವಾಗಿಟ್ಟು ಕೊಟ್ಟಿತು. ಆಲೆಮನೆ, ಇಟ್ಟಿಗೆ ಗೂಡು, ಗಿರಣಿಗಳಿಗೆ ಹೊರಗಿನಿಂದ ಕುಟುಂಬಸಮೇತ ಬರುವ ಕೂಲಿಕಾರರ ಮಕ್ಕಳ ಲಸಿಕೆ ಕಾರ್ಡನ್ನು ಕೇಳಿ ನೋಡುವುದು ಮಾಲೀಕರಿಗೆ ಒಂದು ನಿಮಿಷದ ಕೆಲಸ. ಆ ಮಕ್ಕಳು ಒಂದು ಊರಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಎರಡನೆಯ ಡೋಸು ತಪ್ಪಿಹೋಗುವ ಸಂಭವವೇ ಹೆಚ್ಚು.

ನೆಗಡಿ ಮಾತ್ರೆಯೂ ಕಬ್ಬಿನ ಗಾಣವೂ

ಗೋಡೆಯನ್ನು ಯಾರು ಸಲೀಸಾಗಿ ದಾಟುತ್ತಾರೆ? ಗಾತ್ರದಲ್ಲಿ ಸಣ್ಣದಾಗಿದ್ದು ಕೊಬ್ಬಿನಲ್ಲಿ ಕರಗುವ ವಸ್ತುಗಳು. ಕಾಫಿಯ ಕೆಫೀನು, ಬೀಡಿಯ ನಿಕೋಟಿನು, ಮದ್ಯಸಾರ ಇವೆಲ್ಲಕ್ಕೂ ತಪಾಸಣೆಯೇ ಇಲ್ಲ. ಮನುಷ್ಯ ಈ ಮೂರಕ್ಕೂ ಇಷ್ಟು ಬೇಗ ದಾಸನಾಗುವುದಕ್ಕೆ ಇದೂ ಒಂದು ಕಾರಣ. ದಾಟುವ ಅರ್ಹತೆಯಿದ್ದರೂ ಕೆಲವನ್ನು ಹಿಂದಕ್ಕೆ ತಳ್ಳುವ ಕಾವಲುಗಾರನೂ ಅಲ್ಲಿದ್ದಾನೆ. ಅವನ ಹೆಸರು ಪಿ-ಗ್ಲೈಕೋಪ್ರೋಟೀನು. ಕೋಶದೊಳಕ್ಕೆ ಬಂದ ಅಪರಿಚಿತ ವಸ್ತುವನ್ನು ರಕ್ತಕ್ಕೇ ವಾಪಸು ಪಂಪು ಮಾಡುವುದು ಅವನ ಕೆಲಸ.

ಇವನ ಮಹತ್ವ ತಿಳಿದುಬಂದ ಬಗೆ ಸ್ವಾರಸ್ಯಕರವಾಗಿದೆ. ನೆದರ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಈ ಪ್ರೋಟೀನಿಲ್ಲದ ಇಲಿಗಳನ್ನು ಸೃಷ್ಟಿಸಿದ್ದರು. ಮೇಲ್ನೋಟಕ್ಕೆ ಅವು ಆರೋಗ್ಯವಾಗಿಯೇ ಇದ್ದವು. ನುಸಿಯ ಉಪಟಳಕ್ಕೆಂದು ಐವರ್ಮೆಕ್ಟಿನ್ ಔಷಧಿಯನ್ನು ಸಿಂಪಡಿಸಿದಾಗ, ಸಾಮಾನ್ಯ ಇಲಿಗಳಿಗೆ ಏನೂ ಆಗದೆ ಈ ಇಲಿಗಳು ಸತ್ತವು. ಕಾವಲುಗಾರನಿಲ್ಲದ್ದರಿಂದ ಔಷಧಿ ಮೆದುಳಿನಲ್ಲಿ ತುಂಬಿಕೊಂಡಿತ್ತು. 1994ರಲ್ಲಿ ಇದು ಪ್ರಕಟವಾಯಿತು. ಹಸು ಕುರಿಗಳಿಗೆ ನಮ್ಮ ರೈತರು ಬಳಸುವ ಔಷಧಿ ಇದೇ ಐವರ್ಮೆಕ್ಟಿನ್. ಜಾನುವಾರಿಗೆ ಅದು ಸುರಕ್ಷಿತವಾಗಿರುವುದು ಈ ಕಾವಲುಗಾರನ ಕೃಪೆಯಿಂದ. ಭೇದಿ ನಿಲ್ಲಿಸಲು ಕೊಡುವ ಲೋಪೆರಮೈಡ್ ಅಫೀಮಿನ ಗುಂಪಿಗೆ ಸೇರಿದ್ದರೂ ಹೇಳಿದ ಪ್ರಮಾಣದಲ್ಲಿ ಮತ್ತು ಬರಿಸದಿರುವುದಕ್ಕೂ ಕಾರಣ ಅವನೇ.

ಸಣ್ಣ ಕೈಗಾರಿಕೋದ್ಯಮಿಗಳಿಗೆ ನೇರವಾಗಿ ಸಂಬಂಧಿಸಿದ ವಿಷಯ ಇಲ್ಲಿಂದ ಶುರು. ಅಂಗಡಿಗಳಲ್ಲಿ ಚಿಲ್ಲರೆಗೆ ಸಿಗುವ ನೆಗಡಿ ಮಾತ್ರೆಗಳಲ್ಲಿ ಬಹುಪಾಲು ಕ್ಲೋರ್‌ಫೆನಿರಮಿನ್ ಎಂಬ ಹಳೆಯ ಕಾಲದ ಅಲರ್ಜಿ ಔಷಧಿ ಸೇರಿರುತ್ತದೆ. ಅದು ಗೋಡೆಯನ್ನು ಸಲೀಸಾಗಿ ದಾಟಿ, ಮೆದುಳನ್ನು ಎಚ್ಚರವಾಗಿಡುವ ವ್ಯವಸ್ಥೆಯನ್ನೇ ಮಂಕು ಮಾಡುತ್ತದೆ. ಎರಡನೆಯ ತಲೆಮಾರಿನ ಫೆಕ್ಸೋಫೆನಡಿನ್‌ನಂಥ ಔಷಧಿಗಳನ್ನು ಮೇಲೆ ಹೇಳಿದ ಕಾವಲುಗಾರ ಹೊರದೂಡುವುದರಿಂದ ಮೂಗಿಗೆ ಗುಣ ಕಾಣುತ್ತದೆ, ಕಣ್ಣು ಎಳೆಯುವುದಿಲ್ಲ. ಸೆಟಿರಿಜಿನ್ ಇವೆರಡರ ನಡುವಿನದು. ಕೆಲವರಿಗೆ ತೂಕಡಿಕೆ ತರುತ್ತದೆ. ಈಗ ಗಾಣಕ್ಕೆ ಕಬ್ಬು ಕೊಡುವ ಆಳನ್ನು ನೆನೆಯಿರಿ. ಆಲೆಮನೆಯ ಹೊಗೆಯಲ್ಲಿ ಮೂಗು ಕಟ್ಟಿದೆ, ಬೆಳಗಿನ ಜಾವದ ಪಾಳಿ, ಮಾಲೀಕರೇ ಕನಿಕರದಿಂದ ಗಲ್ಲಾಪೆಟ್ಟಿಗೆಯಲ್ಲಿಟ್ಟ ನೆಗಡಿ ಮಾತ್ರೆಯೊಂದನ್ನು ಕೊಡುತ್ತಾರೆ. ಕೈ ಗಾಣದ ಉರುಳೆಗೆ ಸಿಕ್ಕಲು ಅರೆಕ್ಷಣದ ತೂಕಡಿಕೆ ಸಾಕು. ಕಬ್ಬಿನ ಟ್ರ್ಯಾಕ್ಟರು ಓಡಿಸುವವರಿಗೂ, ಭತ್ತದ ಲಾರಿ ಚಾಲಕರಿಗೂ ಇದೇ ಮಾತು. 1923ರಿಂದ ಬಂದ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ ಕೆಲಸಗಾರ ಮದ್ಯ ಅಥವಾ ಮಾದಕ ದ್ರವ್ಯದ ಪ್ರಭಾವದಲ್ಲಿದ್ದರೆ ಮಾಲೀಕನಿಗೆ ಸೀಮಿತ ವಿನಾಯಿತಿಯಿತ್ತೆಂಬುದು ನಿಜ. ಆದರೆ ಮಾತ್ರೆ ಕೊಟ್ಟವರು ಮಾಲೀಕರೇ ಆಗಿರುವಾಗ ಅಂಥ ವಾದ ಎಷ್ಟು ದೂರ ನಿಂತೀತು? ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ತೂಕಡಿಕೆ ಬರಿಸುವ ಮಾತ್ರೆಗಳನ್ನು ತೆಗೆದುಹಾಕಿ, ಯಾವುದನ್ನು ಇಡಬೇಕೆಂದು ವೈದ್ಯರನ್ನು ಕೇಳುವುದು ಹೆಚ್ಚು ಲಾಭಕರ.

ಕೀಟನಾಶಕ ಮಾರುವ ಸದಸ್ಯರಿಗೂ ಒಂದು ಮಾತು. ಆರ್ಗ್ಯಾನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಚರ್ಮದಿಂದಲೂ ಉಸಿರಿನಿಂದಲೂ ರಕ್ತಕ್ಕೆ ಸೇರಿ, ಕೊಬ್ಬಿನಲ್ಲಿ ಕರಗುವ ಗುಣದಿಂದ ಮೆದುಳಿನ ಗೋಡೆಯನ್ನೂ ದಾಟುತ್ತವೆ. ಅದಕ್ಕೆ ಪ್ರತಿವಿಷವಾಗಿ ಆಸ್ಪತ್ರೆಯಲ್ಲಿ ಕೊಡುವ ಎರಡು ಔಷಧಿಗಳಲ್ಲಿ ಅಟ್ರೋಪಿನ್ ಒಳಹೋಗುತ್ತದೆ. ಪ್ರಾಲಿಡಾಕ್ಸಿಮ್ ವಿದ್ಯುದಂಶ ಹೊತ್ತ ಅಣುವಾದ್ದರಿಂದ ಬಹುಮಟ್ಟಿಗೆ ಹೊರಗೇ ನಿಲ್ಲುತ್ತದೆ. ವಿಷ ಹೋದ ಕಡೆಗೆ ಮದ್ದು ಪೂರ್ತಿಯಾಗಿ ಹೋಗಲಾರದು. ಬಾಟಲಿಯ ಜೊತೆ ಕೈಗವಸು, ಮುಖಗವಸುಗಳನ್ನೂ ಕಟ್ಟಿಕೊಡುವ ಅಂಗಡಿಗಳು ನಮ್ಮಲ್ಲಿ ಇನ್ನೂ ಕಡಿಮೆ.

ಮಾರುವೇಷದ ಔಷಧಿ

ಜರಾಸಂಧನ ಕೋಟೆಯನ್ನು ಕೃಷ್ಣ, ಭೀಮ, ಅರ್ಜುನರು ಬ್ರಾಹ್ಮಣ ವೇಷದಲ್ಲಿ ಹೊಕ್ಕ ಕಥೆ ಎಲ್ಲರಿಗೂ ತಿಳಿದದ್ದೇ. ಔಷಧಶಾಸ್ತ್ರದಲ್ಲಿ ಇದಕ್ಕೆ ಸರಿಸಾಟಿಯಾದ ಕಥೆ ಪಾರ್ಕಿನ್ಸನ್ ಕಾಯಿಲೆಯದು. ಇದರಲ್ಲಿ ನಮ್ಮ ದೇಶದ ಎರಡು ಗಿಡಗಳ ಪಾತ್ರವೂ ಇದೆ.

ಕೈನಡುಕ, ನಡಿಗೆ ನಿಧಾನವಾಗುವುದು, ಅಂಗಾಂಗ ಬಿಗಿಯಾಗುವುದು ಈ ಕಾಯಿಲೆಯ ಲಕ್ಷಣಗಳು. 1931ರಲ್ಲಿ ಕಲ್ಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅವರು ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಮತ್ತು ಮನೋರೋಗಗಳಿಗೆ ಗುಣವಾಗುವುದನ್ನು ವರದಿ ಮಾಡಿದ್ದರು. ಅದರಿಂದ ಬೇರ್ಪಡಿಸಿದ ರೆಸರ್ಪಿನ್ ಎಂಬ ಸಾರವನ್ನು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಕುಳಿತುಬಿಟ್ಟವು. ಅವಕ್ಕೆ ಲೆವೊಡೋಪಾ ಎಂಬ ವಸ್ತುವನ್ನು ಚುಚ್ಚಿದಾಗ ಎದ್ದು ಓಡಾಡಿದವು. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬರಿದಾಗಿತ್ತು, ಅದು ಮತ್ತೆ ತುಂಬಿಕೊಂಡಿತು. ಕಾರ್ಲ್‌ಸನ್ ಅವರಿಗೆ 2000ನೇ ಇಸವಿಯ ನೊಬೆಲ್ ಪ್ರಶಸ್ತಿ ಬಂದದ್ದು ಈ ಸಾಲಿನ ಸಂಶೋಧನೆಗೆ.

ಬರಿದಾಗಿರುವುದು ಡೋಪಮಿನ್ ಆದರೆ ಡೋಪಮಿನನ್ನೇ ಏಕೆ ಕೊಡಬಾರದು? ಅದು ಗೋಡೆಯನ್ನು ದಾಟುವುದಿಲ್ಲ. ಆದರೆ ಅದರ ಕಚ್ಚಾವಸ್ತುವಾದ ಲೆವೊಡೋಪಾ ನೋಡಲು ಆಹಾರದ ಪ್ರೋಟೀನಿನ ತುಣುಕಾದ ಅಮೈನೋ ಆಮ್ಲದಂತೆಯೇ ಇದೆ. ಅಮೈನೋ ಆಮ್ಲಗಳನ್ನು ಸಾಗಿಸುವ ವಾಹಕ ಇದನ್ನೂ ತನ್ನವನೆಂದೇ ತಿಳಿದು ಒಳಗೆ ಬಿಡುತ್ತದೆ. ಒಳಸೇರಿದ ಮೇಲೆ ಅದು ಡೋಪಮಿನ್ ಆಗಿ ಪರಿವರ್ತನೆಯಾಗುತ್ತದೆ. 1961ರಲ್ಲಿ ವಿಯೆನ್ನಾದಲ್ಲಿ ರೋಗಿಗಳಿಗೆ ಇದನ್ನು ಮೊದಲು ಚುಚ್ಚಿದರು. 1967ರಲ್ಲಿ ಅಮೆರಿಕದ ಜಾರ್ಜ್ ಕೋಟ್ಸಿಯಾಸ್ ಬಾಯಿಯ ಮೂಲಕ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಯಶಸ್ವಿಯಾದರು. ನಮ್ಮ ಬೇಲಿಗಳಲ್ಲಿ ಬೆಳೆದು ಮೈ ತುರಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿ ಈ ಲೆವೊಡೋಪಾ ಇದೆಯೆಂದು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲಿಯೇ ತೋರಿಸಿದ್ದರು. (ಹಾಗೆಂದು ಬೀಜ ಕುಟ್ಟಿ ಕುಡಿಯಲು ಹೋಗುವುದು ಬೇಡ, ಪ್ರಮಾಣದ ಲೆಕ್ಕ ತಪ್ಪಿದರೆ ಅನಾಹುತ.)

ಇನ್ನೊಂದು ತೊಡಕಿತ್ತು. ನುಂಗಿದ ಲೆವೊಡೋಪಾದ ಬಹುಪಾಲು ದಾರಿಯಲ್ಲಿಯೇ ಡೋಪಮಿನ್ ಆಗಿ, ಮೆದುಳಿಗೆ ಹೋಗದೆ ವಾಕರಿಕೆ ತರುತ್ತಿತ್ತು. ಸಾಗಣೆಯಲ್ಲಿ ಸೋರಿಕೆ ಎಂದರೆ ಏನೆಂದು ನಮಗೆ ಹೇಳಬೇಕಾಗಿಲ್ಲ. ಅದಕ್ಕೆ ಕಾರ್ಬಿಡೋಪಾ ಎಂಬ ಜೊತೆಗಾರನನ್ನು ಸೇರಿಸಿದರು. ಅವನು ಈ ಪರಿವರ್ತನೆಯನ್ನು ತಡೆಯುತ್ತಾನೆ, ಆದರೆ ಸ್ವತಃ ಗೋಡೆಯನ್ನು ದಾಟಲಾರ. ಆದ್ದರಿಂದ ತಡೆ ಹೊರಗೆ ಮಾತ್ರ, ಒಳಗೆ ಪರಿವರ್ತನೆ ನಿರಾತಂಕ. ಇದರಿಂದ ಲೆವೊಡೋಪಾದ ಪ್ರಮಾಣವನ್ನು ಸುಮಾರು ಮುಕ್ಕಾಲು ಪಾಲು ಇಳಿಸಲು ಸಾಧ್ಯವಾಯಿತು. ಗೋಡೆಯನ್ನು ದಾಟಲಾರದ ದೋಷವನ್ನೇ ಬಂಡವಾಳ ಮಾಡಿಕೊಂಡ ಜಾಣತನ ಇದು. ಇಷ್ಟು ವಿಜ್ಞಾನವಿರುವ ಆ ಮಾತ್ರೆ ನಮ್ಮ ದೇಶದಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ.

ಆದರೂ ಗುಣ ಕಾಣುತ್ತಿಲ್ಲವೆಂದು ಮದ್ದೂರಿನ ನನ್ನ ಕಕ್ಷಿದಾರರೊಬ್ಬರು ತಮ್ಮ ತಂದೆಯವರ ವಿಷಯದಲ್ಲಿ ಬೇಸರಪಡುತ್ತಿದ್ದರು. ಹಿರಿಯರು ಮಾತ್ರೆಯನ್ನು ಬೆಳಗಿನ ತಿಂಡಿಯ ಜೊತೆಗೆ, ದೊಡ್ಡ ಲೋಟ ಹಾಲಿನಲ್ಲಿ ನುಂಗುತ್ತಿದ್ದರಂತೆ. ಹಾಲು ಬೇಳೆಗಳ ಅಮೈನೋ ಆಮ್ಲಗಳೂ ಲೆವೊಡೋಪಾವೂ ಒಂದೇ ವಾಹನಕ್ಕೆ ಕಾಯುವ ಪ್ರಯಾಣಿಕರು. ಬಸ್ಸು ತುಂಬಿದರೆ ಮಾತ್ರೆಗೆ ಜಾಗವಿಲ್ಲ. ನರರೋಗ ತಜ್ಞರು ಆಹಾರಕ್ಕೆ ಅರ್ಧ ಗಂಟೆ ಮೊದಲು ನೀರಿನಲ್ಲಿ ನುಂಗಲು ಹೇಳಿದ ಮೇಲೆ ಹಿರಿಯರು ಬೆಳಗಿನ ಹೊತ್ತು ಗಿರಣಿಯ ಅಂಗಳದಲ್ಲಿ ಓಡಾಡುವಂತಾದರು. ಔಷಧಿ ಬದಲಾಗಲಿಲ್ಲ, ಖರ್ಚೂ ಹೆಚ್ಚಲಿಲ್ಲ. ಮಾತ್ರೆಯ ಹೊತ್ತನ್ನು ಬದಲಾಯಿಸುವವರು ತಮ್ಮ ವೈದ್ಯರನ್ನು ಕೇಳಿಯೇ ಮಾಡತಕ್ಕದ್ದು. ವಾಕರಿಕೆಯಿರುವ ಕೆಲವರಿಗೆ ಬೇರೆ ಸಲಹೆ ಇರಬಹುದು.

ದೊಡ್ಡ ಅಣು, ದೊಡ್ಡ ಬೆಲೆ

ಸಣ್ಣ ಅಣುಗಳಲ್ಲಿಯೇ ಶೇಕಡಾ 98ರಷ್ಟು ಗೋಡೆಯನ್ನು ದಾಟುವುದಿಲ್ಲವೆಂದು ಈ ಕ್ಷೇತ್ರದವರು ಹೇಳುತ್ತಾರೆ. ಪ್ರತಿಕಾಯಗಳಂಥ ದೊಡ್ಡ ಅಣುಗಳ ಪಾಡು ಇನ್ನೂ ಕಷ್ಟ. ರಕ್ತಕ್ಕೆ ಹಾಕಿದ ಸಾವಿರ ಪಾಲಿನಲ್ಲಿ ಸುಮಾರು ಒಂದು ಪಾಲು ಒಳಸೇರೀತು. ಮರೆವಿನ ಕಾಯಿಲೆಗೆಂದು 2023ರಲ್ಲಿ ಅಮೆರಿಕ ಪೂರ್ಣ ಮಂಜೂರಾತಿ ನೀಡಿದ ಲೆಕಾನೆಮಾಬ್‌ಗೆ ಅಲ್ಲಿ ನಿಗದಿಯಾದ ಬೆಲೆ ವರ್ಷಕ್ಕೆ 26,500 ಡಾಲರು. ಸಾವಿರ ಮೂಟೆ ಕಳುಹಿಸಿ ಒಂದು ಮೂಟೆ ಮಾತ್ರ ತಲುಪಿದರೆ ಸಾಗಣೆ ವೆಚ್ಚ ಯಾರ ತಲೆಯ ಮೇಲೆ ಬೀಳುತ್ತದೆಂದು ವ್ಯಾಪಾರಿಗೆ ಗೊತ್ತು. ಕಬ್ಬಿಣಾಂಶವನ್ನು ಸಾಗಿಸುವ ವಾಹಕದ ಬೆನ್ನೇರಿ ಒಳಹೋಗುವ ಔಷಧಿಯೊಂದಕ್ಕೆ 2021ರಲ್ಲಿ ಜಪಾನು ಮಂಜೂರಾತಿ ನೀಡಿತು. ಶಬ್ದಾತೀತ ತರಂಗಗಳಿಂದ ಗೋಡೆಯನ್ನು ಕೆಲವು ಗಂಟೆ ಸಡಿಲಿಸುವ ಪ್ರಯೋಗಗಳು 2015ರಿಂದ ಕೆನಡಾದಲ್ಲಿ ರೋಗಿಗಳ ಮೇಲೆ ನಡೆದಿವೆ. ಇವೆಲ್ಲ ನಮ್ಮ ಜಿಲ್ಲಾಸ್ಪತ್ರೆಗೆ ಬರಲು ಕಾಲ ಹಿಡಿಯುತ್ತದೆ.

ಆದರೆ ಒಂದು ಕಾಯಿಲೆಯಲ್ಲಿ ಗೋಡೆ ಮತ್ತು ಬೆಲೆಗಳ ಸಂಬಂಧ ನಮ್ಮ ಕಣ್ಣಮುಂದೆಯೇ ತೆರೆದುಕೊಂಡಿದೆ. ಮಕ್ಕಳ ಬೆನ್ನುಹುರಿಯ ನರಕೋಶಗಳು ಸಾಯುವ ಎಸ್‌ಎಂಎ ಎಂಬ ವಂಶವಾಹಿ ಕಾಯಿಲೆಗೆ 2016ರಲ್ಲಿ ಬಂದ ಮೊದಲ ಔಷಧಿ ಗೋಡೆಯನ್ನು ದಾಟಲಾರದ್ದರಿಂದ ಅದನ್ನು ಸೊಂಟದಲ್ಲಿ ಸೂಜಿ ಚುಚ್ಚಿ ಬೆನ್ನುಹುರಿಯ ದ್ರವಕ್ಕೇ ಸೇರಿಸಬೇಕು. 2019ರ ಜೋಲ್ಜೆನ್ಸ್ಮಾದಲ್ಲಿ ಗೋಡೆಯನ್ನು ದಾಟಬಲ್ಲ ನಿರುಪದ್ರವಿ ವೈರಸ್ಸಿನ ಮೇಲೆ ವಂಶವಾಹಿಯನ್ನು ಹೇರಿ ಕಳುಹಿಸುತ್ತಾರೆ. ಒಂದೇ ಡೋಸು, ಸುಮಾರು 16 ಕೋಟಿ ರೂಪಾಯಿ. ಕೈ ಚಾಚಿ ಚಂದಾ ಎತ್ತಿದ ತಂದೆತಾಯಂದಿರ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಆ ಹಣದ ಮೇಲೂ ಕೋಟಿಗಟ್ಟಲೆ ಆಮದು ತೆರಿಗೆ ಬೀಳುತ್ತಿದ್ದುದನ್ನು 2021ರ ಸೆಪ್ಟೆಂಬರ್ 17ರ ಜಿಎಸ್‌ಟಿ ಮಂಡಳಿಯ 45ನೇ ಸಭೆ ಸ್ವಂತ ಬಳಕೆಯ ಆಮದಿಗೆ ಸಂಬಂಧಿಸಿ ವಿನಾಯಿತಿ ನೀಡಿ ಸರಿಪಡಿಸಿತು. 2020ರಲ್ಲಿ ಬಂದ ರಿಸ್ಡಿಪ್ಲಾಮ್ ಸಣ್ಣ ಅಣು. ಬಾಯಿಯಲ್ಲಿ ಕುಡಿಸಿದರೆ ಸಾಕು, ತಾನೇ ಗೋಡೆಯನ್ನು ದಾಟುತ್ತದೆ. ಸಣ್ಣ ಅಣುವನ್ನು ನಮ್ಮ ಕಾರ್ಖಾನೆಗಳೂ ತಯಾರಿಸಬಲ್ಲವು. ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪೇಟೆಂಟ್ ವ್ಯಾಜ್ಯ ನಡೆದು ತಡೆಯಾಜ್ಞೆ ಸಿಗದ ಮೇಲೆ, ಹೈದರಾಬಾದಿನ ನ್ಯಾಟ್ಕೋ ಕಂಪನಿ 2025ರ ಅಕ್ಟೋಬರಿನಲ್ಲಿ ಇದರ ಜನರಿಕ್ ರೂಪವನ್ನು ಬಾಟಲಿಗೆ 15,900 ರೂಪಾಯಿ ಬೆಲೆಗೆ ಬಿಡುಗಡೆ ಮಾಡಿತು. ಮೂಲ ಔಷಧಿಯ ಬಾಟಲಿಗೆ 6 ಲಕ್ಷ ರೂಪಾಯಿಗೂ ಮಿಕ್ಕಿ ಬೆಲೆಯಿತ್ತು. ಅದಕ್ಕೆ ಒಂದು ತಿಂಗಳು ಮುಂಚೆ, ಸೆಪ್ಟೆಂಬರ್ 22ರಿಂದ, ಜೀವರಕ್ಷಕ ಔಷಧಿಗಳ ಪಟ್ಟಿಯೊಂದರ ಮೇಲಿನ ಜಿಎಸ್‌ಟಿ ಸೊನ್ನೆಗೆ ಇಳಿದಿತ್ತು. ಇತರ ಔಷಧಿಗಳ ದರ ಶೇಕಡಾ 12ರಿಂದ 5ಕ್ಕೆ ಬಂದಿತು. ಅಪರೂಪದ ಕಾಯಿಲೆಗಳಿಗೆ ಕೇಂದ್ರದ 2021ರ ನೀತಿಯಡಿ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವಿದ್ದು, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಡನೆ ಅದರ ಒಂದು ಕೇಂದ್ರವಾಗಿದೆ.

ಲೆಕ್ಕದ ಮಾತು

ಕಡೆಯದಾಗಿ ನನ್ನ ವೃತ್ತಿಗೆ ಸೇರಿದ ವಿಷಯ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮಿನಲ್ಲಿ ನಿರ್ದಿಷ್ಟ ಕಾಯಿಲೆಗಳ ಚಿಕಿತ್ಸಾ ವೆಚ್ಚಕ್ಕೆ ಕಡಿತವಿದ್ದುದನ್ನು ಅನೇಕ ಸದಸ್ಯರು ಬಳಸಿಕೊಂಡೇ ಇರಲಿಲ್ಲ. ಪಾರ್ಕಿನ್ಸನ್, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ, ಮೋಟರ್ ನ್ಯೂರಾನ್ ಕಾಯಿಲೆ ಮುಂತಾದ ನರರೋಗಗಳಿಂದ ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯವಾಗಿದ್ದರೆ, ತಮಗಾಗಿ ಅಥವಾ ಅವಲಂಬಿತ ತಂದೆತಾಯಿ, ಪತಿ ಪತ್ನಿ, ಮಕ್ಕಳು, ಸಹೋದರ ಸಹೋದರಿಯರಿಗಾಗಿ ಮಾಡಿದ ವೆಚ್ಚದಲ್ಲಿ 40,000 ರೂಪಾಯಿವರೆಗೆ, ರೋಗಿ ಹಿರಿಯ ನಾಗರಿಕರಾದರೆ 1 ಲಕ್ಷ ರೂಪಾಯಿವರೆಗೆ ಕಡಿತ ಸಲ್ಲುತ್ತದೆ. ವಿಮೆಯಿಂದ ಬಂದ ಮೊತ್ತವನ್ನು ಅದರಲ್ಲಿ ಕಳೆಯಬೇಕು. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ವ್ಯಕ್ತಿಗಳಿಗೂ ಅವಿಭಕ್ತ ಕುಟುಂಬಗಳಿಗೂ ಮಾತ್ರ ಇದು ಲಭ್ಯ; ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಔಷಧಿ ಬಿಲ್ಲು ಮಾಡಿಸಿದರೆ ಇಲ್ಲೂ ಇಲ್ಲ, ಅಲ್ಲೂ ಇಲ್ಲ. 2025ರ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬೇರೆಯಾಗಿದೆಯಾದ್ದರಿಂದ ರಿಟರ್ನ್ ತುಂಬುವಾಗ ವರ್ಷವನ್ನು ನೋಡಿಕೊಳ್ಳಬೇಕು. ಔಷಧಿ ಚೀಟಿ ನರರೋಗದಲ್ಲಿ ಡಿಎಂ ಅಥವಾ ತತ್ಸಮಾನ ಪದವಿ ಪಡೆದ ತಜ್ಞರದ್ದಾಗಿರಬೇಕು, ಅದರಲ್ಲಿ ರೋಗಿಯ ಹೆಸರು, ವಯಸ್ಸು, ಕಾಯಿಲೆಯ ಹೆಸರು, ತಜ್ಞರ ನೋಂದಣಿ ಸಂಖ್ಯೆ ಇರಬೇಕು. ನಿಮ್ಹಾನ್ಸ್‌ಗೆ ಅಥವಾ ಮೈಸೂರಿಗೆ ತೋರಿಸಲು ಹೋದ ದಿನವೇ ಇದನ್ನು ಬರೆಸಿಕೊಂಡು ಬಂದರೆ, ಮಾರ್ಚ್ ಕೊನೆಯಲ್ಲಿ ಅದಕ್ಕಾಗಿ ಮತ್ತೊಮ್ಮೆ ಬಸ್ಸು ಹತ್ತುವ ಶ್ರಮ ಉಳಿಯುತ್ತದೆ.